ಸೆರೆಮನೆಯ ಅಂಗಳದಿಂದ ಗೋಧಿಯ ಹೊಲಕ್ಕೆ: ಗಾಳಿಯ ಜೀವಕಣಗಳನ್ನು ಹಿಡಿದ ಸಲಕರಣೆಗಳ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ರೋಗದ ಹೊಣೆಯನ್ನು ಗಾಳಿಯ ಮೇಲೆ ಹೊರಿಸುವುದು ಯುರೋಪಿನ ವೈದ್ಯರಲ್ಲಿ ರೂಢಿಯಾಗಿತ್ತು. ಕೊಳೆತ ವಸ್ತುಗಳಿಂದಲೂ ಜವುಗು ನೆಲದಿಂದಲೂ ಏಳುವ ಕೆಟ್ಟ ಆವಿಯೇ ಕಾಲರಾ, ಚಳಿಜ್ವರ ಮೊದಲಾದವುಗಳ ಮೂಲವೆಂದು ಸಾರಿದ ಆ ವಾದಕ್ಕೆ ಮಯಾಸ್ಮ ಸಿದ್ಧಾಂತವೆಂದು ಹೆಸರು. ಆದರೆ ಆ ಆವಿಯನ್ನು ಹಿಡಿದು ತೋರಿಸಿದವರಿರಲಿಲ್ಲ, ಅಳೆದವರಂತೂ ಇರಲೇ ಇಲ್ಲ. ನೀರನ್ನು ಸೀಸೆಯಲ್ಲಿ ತುಂಬಿ, ಮಣ್ಣನ್ನು ಚೀಲದಲ್ಲಿ ಕಟ್ಟಿ ಪ್ರಯೋಗಶಾಲೆಗೆ ತರಬಹುದು. ಗಾಳಿಯಲ್ಲಿಯಾದರೋ ಜೀವಕಣಗಳು ಅತಿ ವಿರಳವಾಗಿರುವುದರಿಂದಲೂ, ಅವುಗಳ ಸಂಖ್ಯೆ ಸ್ಥಳದಿಂದ ಸ್ಥಳಕ್ಕೆ, ಗಂಟೆಯಿಂದ ಗಂಟೆಗೆ ಬದಲಾಗುವುದರಿಂದಲೂ, ಅವು ಇರುವ ಕಡೆಗೇ ಸಲಕರಣೆಯನ್ನು ಹೊತ್ತೊಯ್ದು ಅಲ್ಲಿಯೇ ಹಿಡಿಯಬೇಕಾಗುತ್ತದೆ. ಹೀಗಾಗಿ ಗಾಳಿಯಲ್ಲಿ ತೇಲುವ ಸೂಕ್ಷ್ಮಜೀವಿ, ಬೀಜಾಣು, ಪರಾಗಗಳನ್ನು ಅಭ್ಯಾಸ ಮಾಡುವ ವಾಯುಜೀವಶಾಸ್ತ್ರದ ಚರಿತ್ರೆಯು ಬಹುಮಟ್ಟಿಗೆ ಕೈಯಲ್ಲಿ ಒಯ್ಯಬಲ್ಲ, ಹೆಚ್ಚು ಹಣ ಬೇಡದ ಸಲಕರಣೆಗಳ ಚರಿತ್ರೆಯೇ ಆಗಿದೆ. ಅದರ ಮುಖ್ಯ ಅಧ್ಯಾಯಗಳಲ್ಲಿ ಕೆಲವು ಭಾರತದಲ್ಲಿ ನಡೆದವು ಎಂಬ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಈ ಚರಿತ್ರೆಯ ಮೊದಲ ಖಚಿತ ಪ್ರಯೋಗಗಳು ಫ್ರಾನ್ಸಿನ ಲೂಯಿ ಪಾಶ್ಚರನವು. ಅವನು ಬಳಸಿದ ಸಲಕರಣೆಯೆಂದರೆ ಉದ್ದ ಕತ್ತಿನ ಗಾಜಿನ ಬುರುಡೆ. ಅದರೊಳಗೆ ಪೋಷಕ ದ್ರವವನ್ನು ಹಾಕಿ ಕುದಿಸಿ, ಆವಿ ಹೊರಡುತ್ತಿರುವಾಗಲೇ ಕತ್ತನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದರೆ ಒಳಗೆ ನಿರ್ವಾತ ಉಳಿಯುತ್ತಿತ್ತು, ಬೇಕಾದ ಸ್ಥಳದಲ್ಲಿ ಕತ್ತಿನ ತುದಿಯನ್ನು ಮುರಿದೊಡನೆ ಹೊರಗಿನ ಗಾಳಿ ತಾನಾಗಿ ಒಳಕ್ಕೆ ನುಗ್ಗುತ್ತಿತ್ತು. 1860ರಲ್ಲಿ ಅವನು ಇಂತಹ ಬುರುಡೆಗಳನ್ನು 20-20ರಂತೆ ಮೂರು ಎತ್ತರಗಳಲ್ಲಿ ತೆರೆದನು: ಜೂರಾ ಬೆಟ್ಟಗಳ ತಪ್ಪಲಿನ ಅರ್ಬ್ವಾ ಬಳಿಯ ಬಯಲಿನಲ್ಲಿ 8, ಸುಮಾರು 850 ಮೀಟರ್ ಎತ್ತರದ ಪೂಪೆ ಬೆಟ್ಟದ ಮೇಲೆ 5, ಆಲ್ಪ್ಸ್ ಪರ್ವತದ ಮೆರ್ ದ ಗ್ಲಾಸ್ ಹಿಮನದಿಯ ಬಳಿ 2000 ಮೀಟರ್ ಎತ್ತರದಲ್ಲಿ ಕೇವಲ 1 ಬುರುಡೆಯಲ್ಲಿ ಜೀವಿಗಳು ಬೆಳೆದವು. ಹಿಮನದಿಯ ಮೇಲಿನ ಮೊದಲ ಯತ್ನ ಕೈಗೂಡಿರಲಿಲ್ಲ. ಬಿಸಿಲಿಗೆ ಥಳಥಳಿಸುವ ಹಿಮದ ಬೆಳ್ಪಿನಲ್ಲಿ ಮದ್ಯಸಾರದ ದೀಪದ ಜ್ವಾಲೆ ಕಾಣದೆ, ಗಾಳಿಗೆ ಅಲುಗುತ್ತ, ಮುರಿದ ಕತ್ತನ್ನು ಮತ್ತೆ ಮುಚ್ಚುವುದು ಸಾಧ್ಯವಾಗಲಿಲ್ಲ, ರಾತ್ರಿ ತಂಗುದಾಣದ ಕೋಣೆಯಲ್ಲಿ ತೆರೆದೇ ಉಳಿದ ಆ ಬುರುಡೆಗಳಲ್ಲಿ ಬಹುತೇಕ ಎಲ್ಲವೂ ಕೆಟ್ಟವು. ಆ ವೈಫಲ್ಯವೇ ಒಂದು ಸಾಕ್ಷ್ಯವಾಯಿತು, ಏಕೆಂದರೆ ಹಿಮದ ಮೇಲಿನ ಗಾಳಿಗೂ ಮನುಷ್ಯರು ಮಲಗುವ ಕೋಣೆಯ ಗಾಳಿಗೂ ಇರುವ ಅಂತರವನ್ನು ಅದು ಬಯಸದೆಯೇ ತೋರಿಸಿಕೊಟ್ಟಿತು. ಪಾಶ್ಚರನ ಇನ್ನೊಂದು ಉಪಾಯವೂ ಅಷ್ಟೇ ಸರಳವಾಗಿತ್ತು: ಗನ್‌ಕಾಟನ್ ಎಂಬ ರಾಸಾಯನಿಕ ಹತ್ತಿಯ ತುಂಡಿನ ಮೂಲಕ ಗಾಳಿಯನ್ನು ಸೆಳೆದು, ಆ ಹತ್ತಿಯನ್ನು ಮದ್ಯಸಾರ ಮತ್ತು ಈಥರ್‌ಗಳ ಮಿಶ್ರಣದಲ್ಲಿ ಕರಗಿಸಿ, ತಳದಲ್ಲಿ ಉಳಿದ ಧೂಳನ್ನು ಸೂಕ್ಷ್ಮದರ್ಶಕದಡಿ ನೋಡುವುದು.

ಪಂಪಿನ ಅಗತ್ಯವೇ ಇಲ್ಲದ ಸಲಕರಣೆಯೊಂದನ್ನು 1870ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಕ್ಸ್ ರೂಪಿಸಿದನು; ಮರುವರ್ಷ ಜೆಲಾಟಿನ್ ಲೇಪದ ಒಣ ಫಲಕವನ್ನು ಪ್ರಕಟಿಸಿ ಛಾಯಾಗ್ರಹಣದ ಇತಿಹಾಸದಲ್ಲಿ ಹೆಸರು ಮಾಡಿದವನೂ ಇವನೇ. ಏರೋಕೋನಿಸ್ಕೋಪ್ ಎಂದು ಅವನು ಕರೆದ ಈ ಸಾಧನದಲ್ಲಿ ಆಲಿಕೆಯಾಕಾರದ ಬಾಯಿಯನ್ನು ಬಾಲದ ಹಲಗೆಯೊಂದು ಸದಾ ಗಾಳಿ ಬೀಸುವ ದಿಕ್ಕಿಗೆ ತಿರುಗಿಸುತ್ತಿತ್ತು, ಆಲಿಕೆಯ ಕಿರಿದಾದ ತುದಿಯಿಂದ ಹೊರಬಿದ್ದ ಗಾಳಿಯು ಅಂಟು ಸವರಿದ ತೆಳುಗಾಜಿಗೆ ಬಡಿದು ತನ್ನ ಧೂಳನ್ನು ಅಲ್ಲಿ ಬಿಟ್ಟುಹೋಗುತ್ತಿತ್ತು.

ಈ ಸಾಧನವು ಎರಡೇ ವರ್ಷಗಳಲ್ಲಿ ಕಲ್ಕತ್ತೆಯನ್ನು ತಲುಪಿತು. ಕಾಲರಾದ ಮೂಲವನ್ನು ಶೋಧಿಸಲೆಂದು ಬ್ರಿಟಿಷ್ ಸರ್ಕಾರವು ಟಿಮೊತಿ ಲೂಯಿಸ್ ಮತ್ತು ಡೇವಿಡ್ ಡಗ್ಲಸ್ ಕನಿಂಗ್‌ಹ್ಯಾಮ್ ಎಂಬ ಇಬ್ಬರು ತರುಣ ವೈದ್ಯರನ್ನು ಭಾರತಕ್ಕೆ ಕಳುಹಿಸಿತ್ತು. ಅವರಲ್ಲಿ ಸ್ಕಾಟ್ಲೆಂಡಿನ ಕನಿಂಗ್‌ಹ್ಯಾಮ್ ಮ್ಯಾಡಕ್ಸನ ಸಾಧನವನ್ನು ಅಲ್ಪಸ್ವಲ್ಪ ಮಾರ್ಪಡಿಸಿಕೊಂಡು 1872ರಲ್ಲಿ ಕಲ್ಕತ್ತೆಯ ಸೆರೆಮನೆಗಳ ಆವರಣದಲ್ಲಿ ನಿಲ್ಲಿಸಿದನು. ಸೆರೆಮನೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟವಾಗಿತ್ತು: ಅಲ್ಲಿನ ಜನಸಂಖ್ಯೆ ಗೊತ್ತಿತ್ತು, ಅವರ ಊಟ ಮತ್ತು ನಿದ್ರೆಗಳ ಸ್ಥಳ ಗೊತ್ತಿತ್ತು, ಯಾರಿಗೆ ಯಾವ ವಾರ ಯಾವ ಕಾಯಿಲೆ ಬಂತೆಂಬುದು ಆಸ್ಪತ್ರೆಯ ದಾಖಲೆಯಲ್ಲಿ ಬರೆದಿರುತ್ತಿತ್ತು. ತಮ್ಮ ಉಸಿರಿನ ಗಾಳಿಯನ್ನು ಅಳೆಯುವುದಕ್ಕೆ ಆ ಕೈದಿಗಳನ್ನು ಯಾರೂ ಕೇಳಿ ಒಪ್ಪಿಸಿಕೊಂಡಿರಲಾರರು. ವಸಾಹತು ಆಡಳಿತದ ವಿಜ್ಞಾನವು ಆಯ್ಕೆಯಿಲ್ಲದ ಜನರನ್ನು ಅನುಕೂಲದ ಅಂಕಿಅಂಶವಾಗಿ ಕಂಡಿತೆಂಬುದನ್ನು ಮರೆಯದೆಯೇ ಈ ಅಧ್ಯಯನದ ಬೆಲೆ ಕಟ್ಟಬೇಕಾಗಿದೆ.

ಕನಿಂಗ್‌ಹ್ಯಾಮನ ವರದಿಯನ್ನು 1873ರಲ್ಲಿ ಕಲ್ಕತ್ತೆಯ ಸರ್ಕಾರಿ ಮುದ್ರಣಾಲಯವು ಚಿತ್ರಫಲಕಗಳ ಸಮೇತ ಪ್ರಕಟಿಸಿತು. ಸುಮಾರು ಒಂದು ದಿನ ಗಾಳಿಗೆ ಒಡ್ಡಿದ ಗಾಜುಗಳಲ್ಲಿ ಕಂಡ ಶಿಲೀಂಧ್ರದ ಬೀಜಾಣುಗಳನ್ನು, ಪರಾಗಗಳನ್ನು, ಇತರ ಸಸ್ಯಕಣಗಳನ್ನು ಅವನು ಕೈಯಿಂದಲೇ ಚಿತ್ರಿಸಿದನು. ಇಂದಿಗೂ ಆ ಚಿತ್ರಗಳನ್ನು ನೋಡಿದ ತಜ್ಞರು ಕೆಲವು ಬೀಜಾಣುಗಳ ಕುಲವನ್ನು ಗುರುತಿಸಬಲ್ಲರು. ಗಾಳಿಯಲ್ಲಿ ಬೀಜಾಣುಗಳು ಎಂದಿಗೂ ಇಲ್ಲದಿರುವುದಿಲ್ಲ, ಅವುಗಳಲ್ಲಿ ಹೆಚ್ಚಿನವು ಜೀವಂತವಾಗಿದ್ದು ಬೆಳೆಯಲು ಶಕ್ತವಾಗಿವೆ, ಮಳೆ ಬಂದ ಮಾತ್ರಕ್ಕೆ ಅವು ಕಡಿಮೆಯಾಗುವುದಿಲ್ಲ ಎಂಬುದು ಅವನ ನಿರ್ಣಯಗಳಲ್ಲಿ ಒಂದು ಭಾಗ. ಇನ್ನೊಂದು ಭಾಗವು ಹೆಚ್ಚು ಮಹತ್ವದ್ದು: ಗಾಳಿಯ ಕಣಗಳ ಸಂಖ್ಯೆಯನ್ನು ಭೇದಿ, ಆಮಶಂಕೆ, ಕಾಲರಾ, ಚಳಿಜ್ವರ, ಡೆಂಗ್ಯೂಗಳ ಏರಿಳಿತದೊಂದಿಗೆ ಹೋಲಿಸಿ ನೋಡಿದಾಗ ಅವೆರಡರ ನಡುವೆ ಯಾವ ಸಂಬಂಧವೂ ಕಾಣಲಿಲ್ಲವೆಂದು ಅವನು ಸ್ಪಷ್ಟವಾಗಿ ಬರೆದನು. ಕಾಲರಾ ನೀರಿನಿಂದ, ಡೆಂಗ್ಯೂ ಮತ್ತು ಮಲೇರಿಯಾ ಸೊಳ್ಳೆಯಿಂದ ಹರಡುತ್ತವೆಂಬುದು ಸ್ಥಾಪಿತವಾಗಿರುವ ಇಂದು ಈ 'ಇಲ್ಲ' ಎಂಬ ಉತ್ತರವು ಸರಿಯಾದ ಉತ್ತರವಾಗಿಯೇ ಕಾಣುತ್ತದೆ, ಮತ್ತು ಮಯಾಸ್ಮ ವಾದದ ವಿರುದ್ಧ ಆ ಕಾಲಕ್ಕೆ ಸಿಕ್ಕ ಸಾಕ್ಷ್ಯಗಳ ಸಾಲಿನಲ್ಲಿ ಇದಕ್ಕೆ ಗೌರವದ ಸ್ಥಾನ ಸಲ್ಲಬೇಕು. ಸಿಕ್ಕದ್ದನ್ನು ಸಿಕ್ಕಿತೆಂದೂ ಸಿಗದ್ದನ್ನು ಸಿಗಲಿಲ್ಲವೆಂದೂ ಬರೆದ ಪ್ರಾಮಾಣಿಕತೆ ಈ ವರದಿಯದು. ಮುಂದೆ ರಾಬರ್ಟ್ ಕಾಖ್ ಕಾಲರಾದ ಬ್ಯಾಕ್ಟೀರಿಯಾವನ್ನು ತೋರಿಸಿದ ಮೇಲೆಯೂ ಕನಿಂಗ್‌ಹ್ಯಾಮ್ ಅದನ್ನು ಒಪ್ಪದೆ ಹಟ ಹಿಡಿದದ್ದು ನಿಜವಾದರೂ, ಅದು ಅವನ ಗಾಳಿಯ ಅಧ್ಯಯನದ ಬೆಲೆಯನ್ನು ಕುಂದಿಸುವುದಿಲ್ಲ.

ಆದರೆ ಈ ಸಲಕರಣೆಗೆ ಎರಡು ಮಿತಿಗಳಿದ್ದವು. ಎಷ್ಟು ಗಾಳಿ ಆಲಿಕೆಯ ಮೂಲಕ ಹಾದುಹೋಯಿತೆಂಬುದು ತಿಳಿಯುತ್ತಿರಲಿಲ್ಲವಾದ್ದರಿಂದ ಬಿರುಗಾಳಿಯ ದಿನದ ಎಣಿಕೆಯನ್ನು ಗಾಳಿಯಿಲ್ಲದ ದಿನದ ಎಣಿಕೆಯೊಡನೆ ಹೋಲಿಸುವುದು ಕಷ್ಟವಾಗಿತ್ತು. ಪ್ಯಾರಿಸ್ಸಿನ ಮೊಂಸೂರಿ ಉದ್ಯಾನದ ವೀಕ್ಷಣಾಲಯದಲ್ಲಿ ಪಿಯರ್ ಮಿಕೆಲ್ ಈ ಕೊರತೆಯನ್ನು ನೀಗಿಸಿದನು. 1870ರ ದಶಕದ ಕೊನೆಯಿಂದ ಹಲವು ವರ್ಷ ನಿರಂತರವಾಗಿ ಅವನು ಅಳತೆ ತಿಳಿದ ಗಾಳಿಯನ್ನು ಸೆಳೆದು, ಪ್ರತಿ ಘನಮೀಟರಿನಲ್ಲಿ ಎಷ್ಟು ಬ್ಯಾಕ್ಟೀರಿಯಾ, ಎಷ್ಟು ಬೀಜಾಣು ಎಂಬ ಲೆಕ್ಕ ಕೊಟ್ಟನು, ನಗರದ ನಡುವಿನ ರಿವೊಲಿ ಬೀದಿಯ ಗಾಳಿಯಲ್ಲಿ ಉದ್ಯಾನದ ಗಾಳಿಗಿಂತ ಹಲವು ಪಟ್ಟು ಬ್ಯಾಕ್ಟೀರಿಯಾಗಳಿವೆಯೆಂದು ತೋರಿಸಿದನು. ಅವನ ಸಾಧನಗಳು ಮಾತ್ರ ಒಂದೆಡೆ ನೆಲೆಯೂರಿದ ವೀಕ್ಷಣಾಲಯಕ್ಕೆ ತಕ್ಕವಾಗಿದ್ದವು.

ಎರಡನೆಯ ಮಿತಿಯು ಭೌತಶಾಸ್ತ್ರಕ್ಕೆ ಸೇರಿದ್ದು, ಮತ್ತು ಮುಂದಿನ ನೂರು ವರ್ಷಗಳ ಕಥೆಯನ್ನು ತಿಳಿಯಲು ಅದು ಅಗತ್ಯ. ಗಾಳಿಯ ಹರಿವು ಗಾಜಿನ ಎದುರು ಬಂದು ಪಕ್ಕಕ್ಕೆ ತಿರುಗುವಾಗ ತೂಕದ ಕಣವು ತನ್ನ ವೇಗದ ನೇರಕ್ಕೆ ಮುಂದುವರಿದು ಗಾಜಿಗೆ ಅಂಟುತ್ತದೆ, ಹಗುರ ಕಣವು ಹರಿವಿನೊಂದಿಗೆ ಬಳಸಿಕೊಂಡು ಹೋಗಿಬಿಡುತ್ತದೆ. ಒಕ್ಕುವ ಕಣದಲ್ಲಿ ರಾಶಿ ತೂರುವಾಗ ಕಾಳು ಕೆಳಗೆ ಬಿದ್ದು ಹೊಟ್ಟು ಗಾಳಿಯೊಡನೆ ಹಾರುವ ಬಗೆಯೇ ಇದು. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುವುದಾದರೆ, ಬ್ಯಾಕ್ಟೀರಿಯಾದ ಅಳತೆ ಸುಮಾರು 1 ಮೈಕ್ರಾನ್, ಗೋಧಿಯ ತುಕ್ಕು ರೋಗದ ಬೀಜಾಣುವಿನದು 20ರಿಂದ 40 ಮೈಕ್ರಾನ್. ಅಂಟುಗಾಜನ್ನು ನಿಧಾನದ ಗಾಳಿಗೆ ಒಡ್ಡಿದರೆ ಎರಡನೆಯದು ಸಿಗುತ್ತದೆ, ಮೊದಲನೆಯದು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಅಗ್ಗದ ಸಲಕರಣೆಯು ಯಾವ ಪ್ರಶ್ನೆಗೆ ಉತ್ತರ ಹೇಳಬಲ್ಲದು, ಯಾವುದಕ್ಕೆ ಹೇಳಲಾರದು ಎಂಬುದು ಅದರ ಬೆಲೆಗಿಂತ ಹೆಚ್ಚಾಗಿ ಕಣದ ಗಾತ್ರವನ್ನೇ ಅವಲಂಬಿಸಿದೆ.

ಈ ಕಾರಣದಿಂದಲೇ ಅಂಟುಗಾಜು ತನ್ನ ಅತಿ ದೊಡ್ಡ ಸಾಧನೆಯನ್ನು ಆಸ್ಪತ್ರೆಯ ಬದಲು ಹೊಲದಲ್ಲಿ ತೋರಿತು. ಗೋಧಿಯ ಕಾಂಡದ ತುಕ್ಕು ರೋಗ, ಅಂದರೆ ಉತ್ತರ ಕರ್ನಾಟಕದ ರೈತರ ಮಾತಿನಲ್ಲಿ ಭಂಡಾರ ರೋಗ, ಚಳಿಗಾಲದ ಬೆಳೆಯ ಮೇಲೆ ಪ್ರತಿವರ್ಷವೂ ಹೇಗೆ ಮರುಕಳಿಸುತ್ತದೆಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಯುರೋಪ್ ಮತ್ತು ಅಮೆರಿಕಗಳಲ್ಲಿ ಬಾರ್ಬೆರಿ ಎಂಬ ಮುಳ್ಳುಗಿಡವು ಈ ಶಿಲೀಂಧ್ರಕ್ಕೆ ಎರಡನೆಯ ಆಸರೆಯಾಗಿದ್ದುದರಿಂದ ಭಾರತದಲ್ಲಿಯೂ ಹಾಗೆಯೇ ಇರಬೇಕೆಂದು ಊಹಿಸುವುದು ಸುಲಭವಾಗಿತ್ತು. ಆಗ್ರಾ ಕಾಲೇಜಿನ ಸಸ್ಯವಿಜ್ಞಾನಿ ಕರಮ್ ಚಂದ್ ಮೆಹ್ತಾ 1920ರ ದಶಕದಿಂದ ತಮ್ಮ ಜೀವಿತದ ಕೊನೆಯವರೆಗೆ ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದರು. ಬಯಲುಸೀಮೆಯ ಮೇ-ಜೂನ್ ತಿಂಗಳ ಬಿಸಿಲಿಗೆ ಬೀಜಾಣುಗಳು ಸಾಯುತ್ತವೆ, ಆದ್ದರಿಂದ ರೋಗವು ಅಲ್ಲಿಯೇ ಉಳಿದು ಬರಲಾರದು. ಬೇಸಿಗೆಯಲ್ಲಿಯೂ ತಂಪಾಗಿದ್ದು ಗೋಧಿಯ ಹಸಿರು ಉಳಿಯುವ ಬೆಟ್ಟಗಳಿಂದಲೇ, ಉತ್ತರದಲ್ಲಿ ಹಿಮಾಲಯದ ಕಡೆಯಿಂದಲೂ ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳಿಂದಲೂ, ಬೀಜಾಣುಗಳು ಗಾಳಿಯೊಡನೆ ಇಳಿದುಬರುತ್ತವೆ, ಬಾರ್ಬೆರಿಗೆ ಇಲ್ಲಿ ಪಾತ್ರವಿಲ್ಲ ಎಂಬ ನಿರ್ಣಯಕ್ಕೆ ಅವರು ಬಂದರು. ಜಿಡ್ಡು ಸವರಿದ ಗಾಜಿನ ಸ್ಲೈಡುಗಳನ್ನು ಬೇರೆಬೇರೆ ಊರುಗಳಲ್ಲಿ ಗಾಳಿಗೆ ಒಡ್ಡಿ, ಬೀಜಾಣು ಮೊದಲು ಎಲ್ಲಿ, ಯಾವಾಗ ಕಾಣಿಸುತ್ತದೆ ಮತ್ತು ರೋಗ ಅದಾದ ಮೇಲೆ ಎಷ್ಟು ದಿನಕ್ಕೆ ತಲೆದೋರುತ್ತದೆ ಎಂಬುದನ್ನು ಹೊಂದಿಸಿ ನೋಡುವುದು ಅವರ ವಿಧಾನಗಳಲ್ಲಿ ಮುಖ್ಯವಾಗಿತ್ತು. ಒಂದು ಗಾಜಿನ ತುಂಡು, ಒಂದಿಷ್ಟು ಜಿಡ್ಡು, ಒಂದು ಕಂಬ, ಜತೆಗೆ ಅದನ್ನು ದಿನವೂ ತಪ್ಪದೆ ಬದಲಿಸುವ ಒಬ್ಬ ನಂಬಿಕೆಯ ಮನುಷ್ಯ: ಉಪಖಂಡದಷ್ಟು ವಿಶಾಲವಾದ ಪ್ರಶ್ನೆಗೆ ಬೇಕಾದ ಸಾಮಗ್ರಿ ಇಷ್ಟೇ ಆಗಿತ್ತು. ಮೆಹ್ತಾ ಅವರ ಬೃಹತ್ ಪ್ರಬಂಧದ ಮೊದಲ ಭಾಗ 1940ರಲ್ಲಿಯೂ, ಎರಡನೆಯ ಭಾಗ ಅವರು ತೀರಿಕೊಂಡ ಬಳಿಕ 1952ರಲ್ಲಿಯೂ ಹೊರಬಂದವು.

1970ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಎಸ್. ನಾಗರಾಜನ್ ಮತ್ತು ಎಲ್. ಎಂ. ಜೋಶಿ ಈ ಕೆಲಸವನ್ನು ಮುಂದುವರಿಸಿ, ಬಂಗಾಳ ಕೊಲ್ಲಿಯಲ್ಲಿ ನವೆಂಬರ್ ಸುಮಾರಿಗೆ ಏಳುವ ಚಂಡಮಾರುತಗಳು ನೀಲಗಿರಿಯ ಬೀಜಾಣುಗಳನ್ನು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಮಧ್ಯಭಾರತಕ್ಕೆ ಒಯ್ದು ಮಳೆಯೊಡನೆ ಇಳಿಸುತ್ತವೆಂದು ತೋರಿಸಿದರು. ಉಪಗ್ರಹ ತೆಗೆದ ಮೋಡಗಳ ಚಿತ್ರಗಳ ಜತೆಗೆ ಅವರು ನೆಚ್ಚಿಕೊಂಡದ್ದು ಮಳೆನೀರನ್ನು. ಬೀಳುವ ಹನಿಯು ಗಾಳಿಯನ್ನು ತೊಳೆದು ತರುವುದರಿಂದ, ಸಂಗ್ರಹಿಸಿದ ಮಳೆನೀರನ್ನು ಸೋಸಿ ಬೀಜಾಣುಗಳನ್ನು ಎಣಿಸುವುದು ಅತಿ ಕಡಿಮೆ ಖರ್ಚಿನ ಸಂಗ್ರಹ ವಿಧಾನವಾಯಿತು. ನೀಲಗಿರಿಗೆ ಹತ್ತಿರವಿರುವ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಹೊಲಗಳಲ್ಲಿ ಕಾಂಡದ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಈ ದಾರಿಯ ಕಾರಣದಿಂದಲೇ. ಇದೇ ಸೀಮೆಯ ಜವೆ ಗೋಧಿ, ಅಂದರೆ ಖಪ್ಲಿ, ಈ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ; ತುಕ್ಕಿನ ಶಿಲೀಂಧ್ರದಲ್ಲಿರುವ ಬೇರೆಬೇರೆ ಪ್ರಭೇದಗಳನ್ನು ಪತ್ತೆಹಚ್ಚಲು ಅಮೆರಿಕದ ಎಲ್ವಿನ್ ಸ್ಟಾಕ್‌ಮನ್ ಆರಿಸಿದ ಹನ್ನೆರಡು ಪರೀಕ್ಷಾ ತಳಿಗಳಲ್ಲಿ ಖಪ್ಲಿಯೂ ಒಂದಾಗಿತ್ತು.

ಇಷ್ಟರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದಲ್ಲಿ ಜೆ. ಎಂ. ಹರ್ಸ್ಟ್ 1952ರಲ್ಲಿ ಪ್ರಕಟಿಸಿದ ಬೀಜಾಣು ಸಂಗ್ರಾಹಕವು ಈ ಶಾಸ್ತ್ರದ ಮಾನದಂಡವನ್ನೇ ಬದಲಿಸಿತ್ತು. ಪಂಪೊಂದು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು 14 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಸೀಳಿನ ಮೂಲಕ ಸೆಳೆಯುತ್ತಿತ್ತು, ಸೀಳಿನ ಹಿಂದೆ ಅಂಟು ಸವರಿದ ಗಾಜು ಗಂಟೆಗೆ 2 ಮಿಲಿಮೀಟರಿನಂತೆ ಜರುಗುತ್ತಿತ್ತು. ಕಿರಿದಾದ ಸೀಳಿನಿಂದ ವೇಗ ಹೆಚ್ಚಿದ್ದರಿಂದ ಸಣ್ಣ ಬೀಜಾಣುಗಳೂ ಸಿಕ್ಕವು, ಗಾಜು ಜರುಗಿದ್ದರಿಂದ ಯಾವ ಕಣ ಯಾವ ಗಂಟೆಯಲ್ಲಿ ಬಂತೆಂಬುದೂ ತಿಳಿಯಿತು. ಮಧ್ಯಾಹ್ನದ ಗಾಳಿಗೂ ನಡುರಾತ್ರಿಯ ಗಾಳಿಗೂ ಜೀವಸಂಕುಲವೇ ಬೇರೆಯೆಂಬುದು, ಮಳೆ ಬಂದೊಡನೆ ಕೆಲವು ಶಿಲೀಂಧ್ರಗಳು ತಮ್ಮ ಬೀಜಾಣುಗಳನ್ನು ರಾಶಿರಾಶಿಯಾಗಿ ಚಿಮ್ಮಿಸುತ್ತವೆಂಬುದು ಹೀಗೆ ಬೆಳಕಿಗೆ ಬಂತು. 1957ರಲ್ಲಿ ಅಮೆರಿಕದಲ್ಲಿ ಹೊರಬಂದ ರೋಟೊರಾಡ್ ಇದಕ್ಕೆ ವ್ಯತಿರಿಕ್ತವಾಗಿ ಬ್ಯಾಟರಿಯಿಂದಲೇ ನಡೆಯುವ, ಅಂಟು ಬಳಿದ ಎರಡು ಕಡ್ಡಿಗಳನ್ನು ಗಾಳಿಯಲ್ಲಿ ಗರಗರ ತಿರುಗಿಸುವ ಸರಳ ಸಾಧನವಾಗಿತ್ತು. ಪರಾಗಕ್ಕೆ ಅದು ಒಪ್ಪುತ್ತಿತ್ತು, ಬ್ಯಾಕ್ಟೀರಿಯಾಕ್ಕೆ ಒಪ್ಪುತ್ತಿರಲಿಲ್ಲ. ಮರುವರ್ಷದ ಆಂಡರ್ಸನ್ ಸಂಗ್ರಾಹಕವು ಒಂದರ ಕೆಳಗೊಂದು ಜೋಡಿಸಿದ ಆರು ತಟ್ಟೆಗಳಲ್ಲಿ, ತಟ್ಟೆಗೆ 400ರಂತೆ ಕ್ರಮವಾಗಿ ಕಿರಿದಾಗುತ್ತ ಹೋಗುವ ರಂಧ್ರಗಳಿಂದ ಕಣಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ಉಸಿರಾಟದ ನಾಳದಲ್ಲಿ ಯಾವ ಕಣ ಎಷ್ಟು ಆಳಕ್ಕೆ ಇಳಿಯಬಹುದೆಂಬ ಅಂದಾಜನ್ನು ಕೊಟ್ಟಿತು.

ವಿದೇಶಿ ವಿನಿಮಯ ಬಿಗಿಯಾಗಿದ್ದ ಆ ದಿನಗಳಲ್ಲಿ ಭಾರತದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗಕ್ಕೆ ಇವು ದೂರದ ಮಾತಾಗಿದ್ದವು. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದ ಎಸ್. ಟಿ. ತಿಲಕ್ ತಮ್ಮ ಸಹೋದ್ಯೋಗಿಯೊಡನೆ 1970ರಲ್ಲಿ ಪ್ರಕಟಿಸಿದ ಸಂಗ್ರಾಹಕವು ಈ ಅಂತರವನ್ನು ತುಂಬಿತು. ಹರ್ಸ್ಟನ ತತ್ತ್ವವನ್ನೇ ಅನುಸರಿಸಿದ ತಿಲಕ್ ಏರ್ ಸ್ಯಾಂಪ್ಲರ್ ನಿಮಿಷಕ್ಕೆ 5 ಲೀಟರ್ ಗಾಳಿಯನ್ನು ಸೆಳೆಯುತ್ತಿತ್ತು. ಗಾಜಿನ ಬದಲು ಜಿಡ್ಡು ಸವರಿದ ಪಾರದರ್ಶಕ ಪಟ್ಟಿಯನ್ನು ನಿಧಾನವಾಗಿ ತಿರುಗುವ ಉರುಳೆಗೆ ಸುತ್ತಿದ್ದರಿಂದ ಒಮ್ಮೆ ಸಿದ್ಧಗೊಳಿಸಿದರೆ ಎಂಟು ದಿನ ಎಡೆಬಿಡದೆ ಕೆಲಸ ಮಾಡುತ್ತಿತ್ತು. ಜೋಳ, ಸಜ್ಜೆ, ಶೇಂಗಾ ಹೊಲಗಳ ಮೇಲಿನ ಗಾಳಿಯನ್ನು ಕುರಿತು ದಖ್ಖನಿನ ವಿದ್ಯಾರ್ಥಿಗಳು ಮುಂದಿನ ದಶಕಗಳಲ್ಲಿ ಬರೆದ ಪ್ರಬಂಧಗಳಲ್ಲಿ ಈ ಸಾಧನದ ಹೆಸರು ಮತ್ತೆಮತ್ತೆ ಕಾಣುತ್ತದೆ. 1980ರಲ್ಲಿ ಭಾರತೀಯ ವಾಯುಜೀವಶಾಸ್ತ್ರ ಸಂಘ ಹುಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಎನ್. ಅಗಾಶೆ ನಗರದ ಗಾಳಿಯ ಪರಾಗ ಮತ್ತು ಬೀಜಾಣುಗಳ ಅಧ್ಯಯನವನ್ನು ಬೆಳೆಸಿದರು, ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂನ ಪರಾಗವು ಬೆಂಗಳೂರಿಗರ ಮೂಗಿನ ಅಲರ್ಜಿಗೆ ಕಾರಣವಾಗುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ವೈದ್ಯರೂ ಸೇರಿ ತೋರಿಸಿದರು. ತಿಲಕ್ ಅವರ ಸಾಧನವನ್ನು ಪಾಶ್ಚಾತ್ಯ ಮಾದರಿಯ ಅಗ್ಗದ ನಕಲೆಂದು ಬಗೆಯುವುದು ನ್ಯಾಯವಲ್ಲ. ಒಂದು ದುಬಾರಿ ಸಲಕರಣೆಯಿಂದ ಒಂದು ನಗರದ ಗಾಳಿಯಷ್ಟೇ ತಿಳಿಯುತ್ತಿದ್ದಲ್ಲಿ, ಸಣ್ಣ ಊರಿನ ಕಾಲೇಜಿಗೂ ಎಟುಕುವ ಸಲಕರಣೆಯು ಒಂದು ಇಡೀ ಸೀಮೆಯ ಬೆಳೆ, ಮಳೆ, ರೋಗಗಳ ಸಂಬಂಧವನ್ನು ಅಲ್ಲಿಯೇ ಹುಟ್ಟಿ ಬೆಳೆದವರ ಕೈಯಿಂದ ಬರೆಸಿತು. ಈ ಶಾಸ್ತ್ರದಲ್ಲಿ ಅಗ್ಗದ ಬೆಲೆಯೆಂಬುದು ಜ್ಞಾನದ ವ್ಯಾಪ್ತಿಯನ್ನೇ ನಿರ್ಧರಿಸುವ ಗುಣ.

ಆಸ್ಪತ್ರೆಯ ಗಾಳಿಯ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. ಕೆಮ್ಮಿದಾಗ, ಮಾತಾಡಿದಾಗ ಹೊರಬೀಳುವ ಸಣ್ಣ ಹನಿಗಳು ಆರಿ, ಉಳಿದ ತಿರುಳು ಗಾಳಿಯಲ್ಲಿ ಬಹುಹೊತ್ತು ತೇಲುತ್ತದೆಂದು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲಿ ವಾದಿಸಿದನು. ಕ್ಷಯದ ವಿಷಯದಲ್ಲಿ ಇದನ್ನು ಸಾಧಿಸಲು ಅವನೂ ರಿಚರ್ಡ್ ರೈಲಿಯೂ 1950ರ ದಶಕದಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ವಾರ್ಡಿನಿಂದ ಹೊರಹೋಗುವ ಗಾಳಿಯನ್ನು ಗಿನಿ ಹಂದಿಗಳಿರುವ ಕೋಣೆಗೆ ಹರಿಸಿದರು. ಗಾಳಿಯಲ್ಲಿ ಅತಿ ವಿರಳವಾಗಿದ್ದ ಕ್ಷಯದ ಬ್ಯಾಕ್ಟೀರಿಯಾವನ್ನು ಆ ಕಾಲದ ಬೇರೆ ಸಾಧನಗಳು ನಂಬುವಂತೆ ಹಿಡಿಯಲಾರದೆ ಹೋದುದರಿಂದ, ಪ್ರಾಣಿಗಳ ಶ್ವಾಸಕೋಶವೇ ಸಂಗ್ರಾಹಕವಾಯಿತು. ಅವು ರೋಗಕ್ಕೆ ತುತ್ತಾದಾಗ ಕ್ಷಯವು ಗಾಳಿಯಿಂದ ಹರಡುವುದು ಸಂಶಯಾತೀತವಾಯಿತು. ಆದರೆ ಒಂದು ವಾರ್ಡಿಗೆ ಇಷ್ಟೊಂದು ಏರ್ಪಾಡು ಬೇಡುವ ವಿಧಾನವನ್ನು ಕ್ಷಯವು ಅತಿ ಹೆಚ್ಚಾಗಿರುವ ಬಡ ದೇಶಗಳ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಸುವ ಮಾತೇ ಇರಲಿಲ್ಲ.

ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ವಿಷಯದಲ್ಲಿ ಕಡಿಮೆ ಖರ್ಚಿನ ಸಲಕರಣೆಗಳು ಅರ್ಥಪೂರ್ಣವಾದದ್ದು ಹಿಡಿದ ಕಣವನ್ನು ಗುರುತಿಸುವ ವಿಧಾನ ಬದಲಾದ ಮೇಲೆಯೇ. ಅತ್ಯಲ್ಪ ಪ್ರಮಾಣದ ಡಿಎನ್ಎಯನ್ನು ಕೋಟಿಗಟ್ಟಲೆ ಪಟ್ಟು ಹೆಚ್ಚಿಸುವ ಪಿಸಿಆರ್ ವಿಧಾನವು ಬಂದ ನಂತರ ತೀರ ಸ್ವಲ್ಪವೇ ಸಿಕ್ಕರೂ ಸಾಕಾಯಿತು; ಅಂಗೈಯಲ್ಲಿ ಹಿಡಿಸುವ ಡಿಎನ್ಎ ಓದುವ ಯಂತ್ರವು 2014ರ ಸುಮಾರಿಗೆ ಸಂಶೋಧಕರ ಕೈಸೇರಿತು; ಬ್ಯಾಟರಿಯ ಪುಟ್ಟ ಪಂಪುಗಳು, ಮೂರು ಆಯಾಮಗಳಲ್ಲಿ ಮುದ್ರಿಸಿದ ಪ್ಲಾಸ್ಟಿಕ್ ಹೊರಕವಚಗಳು, ಸ್ಥಾಯಿ ವಿದ್ಯುತ್ತನ್ನು ಹಿಡಿದಿಟ್ಟು ಕಣಗಳನ್ನು ತಾವಾಗಿ ಸೆಳೆಯುವ ಹಾಳೆಗಳು ಬಳಕೆಗೆ ಬಂದವು, ಮತ್ತು ಕೋವಿಡ್ ಸಾಂಕ್ರಾಮಿಕದ ವರ್ಷಗಳಲ್ಲಿ ಇವುಗಳ ಬೇಡಿಕೆ ಎಲ್ಲೆಡೆ ಏರಿತು. ಡಿಎನ್ಎ ಸಿಕ್ಕಿತೆಂದ ಮಾತ್ರಕ್ಕೆ ಜೀವಿ ಬದುಕಿತ್ತೆಂದು ಹೇಳಲಾಗದು. ಎಷ್ಟು ಗಾಳಿಯಿಂದ, ಯಾವ ಗಾತ್ರದ ಕಣಗಳನ್ನು ಸಾಧನವು ಹಿಡಿಯಿತೆಂಬುದು ಗೊತ್ತಿಲ್ಲದಿದ್ದರೆ ಸಂಖ್ಯೆಗೂ ಅರ್ಥವಿರದು. ಕನಿಂಗ್‌ಹ್ಯಾಮನಿಗೆ ಎದುರಾದ ಎರಡು ಮಿತಿಗಳು ಹೊಸ ಸಾಧನಗಳನ್ನೂ ಬಿಟ್ಟಿಲ್ಲವಾದ್ದರಿಂದ, ಪ್ರತಿಯೊಂದನ್ನೂ ಪರೀಕ್ಷಿತ ಸಂಗ್ರಾಹಕದ ಪಕ್ಕದಲ್ಲಿ ಏಕಕಾಲಕ್ಕೆ ನಡೆಸಿ ಹೋಲಿಸಿ ನೋಡದೆ ಬಳಸುವುದು ಸರಿಯಲ್ಲ.

ಇವೆಲ್ಲವುಗಳಲ್ಲಿ ಅತಿ ಸರಳವಾದದ್ದು ಬಂದದ್ದು ಕ್ಷಯದ ಸಂಶೋಧನೆಯಿಂದಲೇ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಆಫ್ರಿಕದ ಪ್ರಿಟೋರಿಯಾದ ಸಹೋದ್ಯೋಗಿಗಳೊಡನೆ ಸೇರಿ, ರೋಗಿಯು ಧರಿಸುವ ಮುಖಗವಸಿನ ಒಳಭಾಗದಲ್ಲಿ ನೀರಿನಲ್ಲಿ ಕರಗುವ ಪಾಲಿಮರಿನ ಮುದ್ರಿತ ಪಟ್ಟಿಯನ್ನು ಅಂಟಿಸಿ, ಕೆಲಹೊತ್ತಿನ ನಂತರ ಅದನ್ನು ತೆಗೆದು ಕರಗಿಸಿ ಪರೀಕ್ಷಿಸಿದರು. ಇಲ್ಲಿ ಪಂಪು ಬೇಡ, ವಿದ್ಯುತ್ತು ಬೇಡ, ಗಾಳಿಯನ್ನು ಸೆಳೆದು ದೂಡುವ ಕೆಲಸವನ್ನು ರೋಗಿಯ ಉಸಿರೇ ಮಾಡುತ್ತದೆ. 2020ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ ಕಫದ ಮಾದರಿಗಳಿಗಿಂತ ಬಹಳ ಹೆಚ್ಚು ಸಲ ಈ ಮುಖಗವಸುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಹೀಗಾಗಿ ಕಫ ಉಗುಳಲಾರದ ರೋಗಿಗಳನ್ನೂ, ಅವರಲ್ಲಿ ಮುಖ್ಯವಾಗಿ ಮಕ್ಕಳನ್ನೂ, ಪರೀಕ್ಷಿಸುವ ಒಂದು ದಾರಿ ತೆರೆದಂತಾಗಿದೆ.